ಮನೆಯಲ್ಲಿ ಆಡಿ ನೋಡಿದ ಪಾಠಗಳು

ನಮ್ಮ ಮನೆಯಲ್ಲಿ ಹುಣಸೆ ಬೀಜವನ್ನು ಎಸೆಯುವಂತಿರಲಿಲ್ಲ. ಖಾಲಿಯಾದ ಬೆಂಕಿಪೊಟ್ಟಣ, ಸೋಡಾ ಬಾಟಲಿಯ ಬಿಲ್ಲೆ, ಒಡೆದ ಬಳೆಯ ಚೂರು, ತಿಂಗಳು ಮುಗಿದ ಕ್ಯಾಲೆಂಡರಿನ ಹಾಳೆ, ಹೀಗೆ ಏನೇ ಆದರೂ ಕಸಕ್ಕೆ ಹಾಕುವ ಮೊದಲು ಅವ್ವನನ್ನು ಕೇಳಬೇಕಿತ್ತು. ಅವಳು ಅದನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಒಂದು ಗಳಿಗೆ ಸುಮ್ಮನಾಗುತ್ತಿದ್ದಳು. ಆ ಗಳಿಗೆಯಲ್ಲಿ ಅವಳ ಕಣ್ಣ ಮುಂದೆ ಎರಡನೆಯ ಇಯತ್ತೆಯ ನಲವತ್ತು ಮಕ್ಕಳು ಇರುತ್ತಿದ್ದರು ಎಂಬುದು ನನಗೆ ಆಗಲೇ ಗೊತ್ತಿತ್ತು. ಆಮೇಲೆ ಆ ವಸ್ತು ಮಂಚದ ಕೆಳಗಿನ ತಗಡಿನ ಟ್ರಂಕಿಗೆ ಹೋಗುತ್ತಿತ್ತು. ಬೇರೆಯವರ ಮನೆಯ ಟ್ರಂಕಿನಲ್ಲಿ ಮದುವೆಯ ಸೀರೆ ಇದ್ದರೆ ನಮ್ಮ ಮನೆಯದರಲ್ಲಿ ಒಂದು ಶಾಲೆ ಇತ್ತು.

ಮನೆ ಎಂದರೆ ಚಿಂಚವಾಡದ ಕಾರ್ಮಿಕರ ವಸಾಹತಿನಲ್ಲಿ ಎರಡು ಖೋಲಿ. ಮುಂದಿನದರಲ್ಲಿ ಒಂದು ಮಂಚ, ಗೋಡೆಗೆ ಮಡಚಿ ನಿಲ್ಲಿಸುವ ಎರಡು ಕುರ್ಚಿ, ಹಲಗೆಯ ಮೇಲೆ ರೇಡಿಯೋ. ಹಿಂದಿನದರಲ್ಲಿ ಒಲೆ, ಡಬ್ಬಿಗಳ ಸಾಲು, ಮೂಲೆಯಲ್ಲಿ ಮೊಣಕಾಲೆತ್ತರದ ಕಟ್ಟೆ ಕಟ್ಟಿದ ಮೋರಿ. ಸ್ನಾನವೂ ಅಲ್ಲೇ, ಪಾತ್ರೆ ತೊಳೆಯುವುದೂ ಅಲ್ಲೇ. ಅಪ್ಪ ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ವಾರಕ್ಕೊಮ್ಮೆ ಬದಲಾಗುವ ಅವನ ಪಾಳಿಯೇ ನಮ್ಮ ಮನೆಯ ಗಡಿಯಾರ. ಅವ್ವ ಹತ್ತಿರದ ಕನ್ನಡ ಶಾಲೆಯಲ್ಲಿ ಶಿಕ್ಷಕಿ. ಮುಂಜಾನೆ ಮರಾಠಿ ಶಾಲೆ ನಡೆಯುತ್ತಿದ್ದ ಕಟ್ಟಡದಲ್ಲೇ ಮಧ್ಯಾಹ್ನದಿಂದ ನಮ್ಮ ಶಾಲೆ. ಮೂರನೆಯವಳು ಅಪ್ಪನ ತಾಯಿ, ನಮ್ಮ ಕಡೆಯ ರೂಢಿಯಂತೆ ನಾನು ಅವಳನ್ನು ಆಯಿ ಎಂದು ಕರೆಯುತ್ತಿದ್ದೆ. ಮರಾಠಿಯಲ್ಲಿ ಆಯಿ ಎಂದರೆ ತಾಯಿ. ಹಾಗಾಗಿ ಪಕ್ಕದ ಖೋಲಿಯ ಮಕ್ಕಳು ನನಗೆ ಇಬ್ಬರು ತಾಯಂದಿರು, ಒಬ್ಬಳು ಮುದುಕಿ, ಇನ್ನೊಬ್ಬಳು ಶಾಲೆಗೆ ಹೋಗುವವಳು ಎಂದು ಬಹಳ ದಿನ ನಂಬಿದ್ದರು. ಆ ನಂಬಿಕೆಯನ್ನು ನಾನು ತಿದ್ದಲಿಲ್ಲ. ಅದರಲ್ಲಿ ಅಂಥ ಸುಳ್ಳೇನೂ ಇರಲಿಲ್ಲ.

ಎರಡನೆಯ ಇಯತ್ತೆಗೆ ಬಂದಾಗ ನಾನು ಅವ್ವನ ವರ್ಗದಲ್ಲೇ ಕೂರುವಂತಾಯಿತು. ಮನೆಯ ಹೊಸ್ತಿಲು ದಾಟುವಾಗ ಅವ್ವ, ಶಾಲೆಯ ಗೇಟು ದಾಟುವಾಗ ಅಕ್ಕೋರು. ಆ ಎರಡರ ನಡುವಿನ ಹತ್ತು ನಿಮಿಷದ ದಾರಿಯಲ್ಲಿ ಅವಳನ್ನು ಏನೆಂದು ಕರೆಯಬೇಕೆಂದು ತಿಳಿಯದೆ ನಾನು ಏನೂ ಕರೆಯುತ್ತಿರಲಿಲ್ಲ. ಅವಳೂ ಆ ದಾರಿಯಲ್ಲಿ ಮಾತಾಡುತ್ತಿದ್ದುದು ಕಡಿಮೆ. ತುಟಿ ಅಲುಗುತ್ತಿರುತ್ತಿತ್ತು. ಇವತ್ತಿನ ಆಟವನ್ನು ಮನಸ್ಸಿನಲ್ಲೇ ಒಮ್ಮೆ ಆಡಿಸಿ ನೋಡುತ್ತಿದ್ದಳು.

ಆಟವೆಂದರೆ ಪಾಠ. ಅವ್ವನಿಗೆ ಅವೆರಡರ ನಡುವೆ ಗೋಡೆ ಇರಲಿಲ್ಲ. ಹೊಸದೊಂದು ಹೊಳೆದರೆ ಅದು ಮೊದಲು ನಮ್ಮ ಮನೆಯಲ್ಲಿ, ಸಂಜೆ ದೀಪ ಹಚ್ಚಿದ ಮೇಲೆ, ನನ್ನ ಮೇಲೆ ಪ್ರಯೋಗವಾಗಬೇಕಿತ್ತು. ಹುಣಸೆ ಬೀಜವನ್ನು ಎರಡು ಹೋಳು ಮಾಡಿದರೆ ಒಂದು ಮೈ ಕಪ್ಪು, ಇನ್ನೊಂದು ಬಿಳುಪು. ಹತ್ತು ಹೋಳನ್ನು ಅಂಗೈಯಲ್ಲಿ ಕುಲುಕಿ ನೆಲಕ್ಕೆ ಚೆಲ್ಲಿದರೆ ಬಿಳಿಯವು ಆರು, ಕರಿಯವು ನಾಲ್ಕು. ಮತ್ತೆ ಚೆಲ್ಲಿದರೆ ಏಳು, ಮೂರು. ಹತ್ತನ್ನು ಎಷ್ಟು ಬಗೆಯಲ್ಲಿ ಒಡೆಯಬಹುದು ಎಂಬುದು ಹೀಗೆ ಯಾರೂ ಹೇಳದೆ ಕೈಗೆ ಬಂದುಬಿಡುತ್ತಿತ್ತು. ರೊಟ್ಟಿ ಬಡಿಯುವ ಮೊದಲು ಪರಾತದಲ್ಲಿ ಜೋಳದ ಹಿಟ್ಟು ಹರಡಿ ಅದರ ಮೇಲೆ ಬೆರಳಿಂದ ಅಕ್ಷರ ಬರೆಸುತ್ತಿದ್ದಳು. ತಪ್ಪಾದರೆ ಅಂಗೈಯಿಂದ ಸವರಿದರಾಯಿತು, ತಪ್ಪು ಮಾಯ. ಪಾಟಿಯ ಮೇಲೆ ತಪ್ಪು ಬರೆಯಲು ಹೆದರುವ ಮಗು ಹಿಟ್ಟಿನ ಮೇಲೆ ಹೆದರುವುದಿಲ್ಲ ಎಂದು ಅವಳು ಕಂಡುಕೊಂಡಿದ್ದಳು. ಶಾಲೆಯಲ್ಲಿ ಹಿಟ್ಟಿನ ಬದಲು ಅಂಗಳದ ಮರಳು ಬಂತು.

ಇನ್ನೊಂದು ಆಟದ ಹೆಸರು 'ಕ ಅಂಗಡಿ'. ಒಬ್ಬ ಅಂಗಡಿಯವ. ಅವನಿಗೆ ಕ ಅಕ್ಷರದಿಂದ ಶುರುವಾಗುವ ವಸ್ತುಗಳಷ್ಟೇ ಬೇಕು, ಉಳಿದವರು ಹುಡುಕಿ ತಂದು ಕೊಡಬೇಕು. ಕಲ್ಲು ಬಂತು, ಕಡ್ಡಿ ಬಂತು, ಕಾಗದ ಬಂತು. ಒಂದು ದಿನ ಒಬ್ಬಳು ಡಬ್ಬಿಯಿಂದ ಉಳ್ಳಾಗಡ್ಡಿ ಚೂರು ತಂದು ಕಾಂದಾ ಎಂದಳು. ವರ್ಗವೆಲ್ಲ ನಕ್ಕಿತು, ಅದು ಮರಾಠಿ ಎಂದು ಕೂಗಿತು. ಅವ್ವ ಆ ಚೂರನ್ನು ಇಸಿದುಕೊಂಡು ಅಂಗಡಿಯಲ್ಲಿಟ್ಟಳು. ಈ ಊರಿನ ಕನ್ನಡದಲ್ಲಿ ಕಾಂದಾ ಕೂಡ ಕನ್ನಡವೇ ಎಂದು ಹೇಳಿದಂತೆ ನೆನಪು. ಅಲ್ಲಿಂದ ಮುಂದೆ ನಮ್ಮ ಅಂಗಡಿಗೆ ಸರಕು ದುಪ್ಪಟ್ಟಾಯಿತು.

ಆಯಿಗೆ ಇದೆಲ್ಲ ಸೇರುತ್ತಿರಲಿಲ್ಲ. ಅವಳು ಅಫಜಲಪುರ ಕಡೆಯ ಹಳ್ಳಿಯವಳು, ಹತ್ತು ವರ್ಷಕ್ಕೆ ಮದುವೆಯಾಗಿ ಹೊಲಕ್ಕೆ ಇಳಿದವಳು, ಶಾಲೆಯ ಒಳಗನ್ನು ಕಂಡವಳಲ್ಲ. ಕಲಿಸುವವರು ಎಂದರೆ ಅವಳ ಲೆಕ್ಕದಲ್ಲಿ ಕೋಲು ಹಿಡಿದು ನಿಂತವರು. ಸೊಸೆ ನಲವತ್ತು ಮಕ್ಕಳ ನಡುವೆ ನೆಲದ ಮೇಲೆ ಕುಂತು ಬೀಜ ಚೆಲ್ಲುತ್ತಾಳೆ ಎಂಬುದನ್ನು ನಾಲ್ಕು ಜನರ ಮುಂದೆ ಹೇಳಲು ಅವಳಿಗೆ ನಾಚಿಕೆ. ಹಿಟ್ಟಿನಲ್ಲಿ ಬರೆದ ದಿನ ಆ ರೊಟ್ಟಿ ತಿನ್ನುವುದಿಲ್ಲವೆಂದು ಹಟ ಹಿಡಿದು ಬರೀ ಅನ್ನ ಉಂಡು ಮಲಗಿದಳು. ಅವ್ವ ವಾದಕ್ಕೆ ಇಳಿಯುತ್ತಿರಲಿಲ್ಲ. ಅದರ ಬದಲು ಆಯಿಯನ್ನೂ ಆಟಕ್ಕೆ ಎಳೆಯುತ್ತಿದ್ದಳು. ಏನೂ ಗೊತ್ತಿಲ್ಲದವರು ಎಲ್ಲಿ ಎಡವುತ್ತಾರೆ ಎಂದು ನೋಡುವುದಿದೆ, ನೀವು ಸ್ವಲ್ಪ ಕುಂತುಕೊಳ್ಳಿರಿ ಎಂದು ಕೇಳುತ್ತಿದ್ದಳು. ಮಾತಿನಲ್ಲಿ ವಿನಯವಿದ್ದರೂ ಅದು ಆಯಿಗೆ ಚುಚ್ಚುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಒಮ್ಮೆ ಮಂಚದ ಉದ್ದವನ್ನು ಗೇಣಿನಿಂದ ಅಳೆಯುವ ಆಟ. ಆಯಿಯ ಗೇಣಿಗೆ ಒಂಬತ್ತು ಬಂತು, ನನ್ನದಕ್ಕೆ ಹದಿನಾಲ್ಕು. ಯಾರದು ಸರಿ ಎಂದು ಅವ್ವ ಕೇಳಿದಳು. ಮಕ್ಕಳು ಜಗಳವಾಡಿ, ಎಲ್ಲರಿಗೂ ಒಂದೇ ಆಗುವ ಅಳತೆ ಬೇಕೆಂದು ತಾವೇ ಹೇಳಬೇಕು ಎಂಬುದು ಅವಳ ಆಸೆ. ಆಯಿ ಮಂಚದ ಮೇಲೆ ಕಾಲು ಚಾಚಿ ಮಲಗಿ ಹೇಳಿದಳು:

"ನನ್ನ ಕಾಲು ಹಿಡಸ್ತಾವ, ಸಾಕು. ಅಳತಿ ಮುಗೀತು."

ಅಪ್ಪ ನಕ್ಕ. ಅವ್ವನೂ ನಕ್ಕಳು. ಆಯಿ ನಗಲಿಲ್ಲ. ಆ ದಿನದ ನಂತರ ಆಟಕ್ಕೆ ಕರೆದರೆ ಬರುವುದನ್ನೇ ಬಿಟ್ಟಳು. ನಾವಿಬ್ಬರೂ ಆಡುವಾಗ ಗೋಡೆಗೆ ಒರಗಿ, ನಮಗೆ ಅರ್ಧ ಬೆನ್ನು ತಿರುಗಿಸಿ, ಮೊರದಲ್ಲಿ ಅಕ್ಕಿ ಹಸನು ಮಾಡುತ್ತಾ ಕೂರುತ್ತಿದ್ದಳು. ಆ ದಿನಗಳಲ್ಲಿ ನಮ್ಮ ಮನೆಯ ಅಕ್ಕಿಯಲ್ಲಿ ಒಂದೇ ಒಂದು ಕಲ್ಲು ಇರುತ್ತಿರಲಿಲ್ಲ.

ಆ ವರ್ಷದ ಮಳೆಗಾಲದಲ್ಲಿ ಅವ್ವ ಮನೆಯ ವಸ್ತುಗಳಿಗೆಲ್ಲ ಚೀಟಿ ಅಂಟಿಸಿದಳು. ಬಾಗಿಲು, ಕಿಟಕಿ, ಹಾಸಿಗೆ, ಮೋರಿ, ಸಾಸಿವೆ, ಜೀರಿಗೆ. ಒತ್ತಕ್ಷರ ಇನ್ನೂ ಕಲಿಸಿರಲಿಲ್ಲವಾದ್ದರಿಂದ ಅವಿಲ್ಲದ ಶಬ್ದಗಳನ್ನೇ ಆರಿಸಿದ್ದಳು. ಉಪ್ಪಿಗೂ ಬೆಲ್ಲಕ್ಕೂ ಚೀಟಿಯ ಭಾಗ್ಯವಿರಲಿಲ್ಲ. ಮಕ್ಕಳು ದಿನಕ್ಕೆ ಹತ್ತು ಸಲ ನೋಡುವ ವಸ್ತುವಿನ ಮೇಲೆ ಅದರ ಹೆಸರು ಕಂಡರೆ ಓದು ತಾನಾಗಿ ಬರುತ್ತದೋ ನೋಡಬೇಕು ಎಂಬುದು ಅವಳ ಲೆಕ್ಕಾಚಾರ. ನನಗೆ ಆಗಲೇ ಓದು ಬರುತ್ತಿತ್ತು, ಆದ್ದರಿಂದ ಪ್ರಯೋಗ ಯಾರ ಮೇಲೆ ಎಂದು ಯಾರೂ ಕೇಳಲಿಲ್ಲ.

ಅದೇ ಹೊತ್ತಿಗೆ ವರ್ಗಕ್ಕೆ ಮಲ್ಲಮ್ಮ ಬಂದಳು. ಅವಳ ತಂದೆತಾಯಿ ಯಾದಗಿರಿ ಕಡೆಯವರು, ಹೊಸದಾಗಿ ಏಳುತ್ತಿದ್ದ ಕಟ್ಟಡದಲ್ಲಿ ಗಾರೆ ಕೆಲಸಕ್ಕೆ ಬಂದಿದ್ದರು. ಮಲ್ಲಮ್ಮ ಮಾತಾಡುತ್ತಿರಲಿಲ್ಲ. ಹಾಜರಿ ಕರೆದರೂ ಬಾಯಿ ತೆರೆಯುತ್ತಿರಲಿಲ್ಲ, ಕತ್ತು ಮಾತ್ರ ಎತ್ತುತ್ತಿದ್ದಳು. ಅವ್ವ ಒಂದು ವಾರ ಅವಳನ್ನೇ ಯೋಚಿಸಿದಳು. ಊಟಕ್ಕೆ ಕುಂತಾಗ ಅಪ್ಪನಿಗೆ ಅವಳ ಸುದ್ದಿ, ನನ್ನ ತಲೆ ಬಾಚುವಾಗಲೂ ಅವಳ ಸುದ್ದಿ. ಒಂದು ಭಾನುವಾರ ನನಗೆ ಗಿಡ್ಡವಾಗಿದ್ದ ಹಸಿರು ಫ್ರಾಕನ್ನು ಕತ್ತರಿಸಿ, ಕೈಯೊಳಗೆ ತೂರಿಸಿ ಆಡಿಸುವ ಗಿಳಿಯೊಂದನ್ನು ಹೊಲಿದಳು. ಅಂಗಿಯ ಗುಂಡಿಗಳೇ ಕಣ್ಣು, ಅಪ್ಪನ ಕೆಂಪು ಕರವಸ್ತ್ರವೇ ಕೊಕ್ಕು. ನನ್ನ ಫ್ರಾಕಿನ ಗಿಳಿ ನನ್ನದೇ ಎಂದು ನಾನು ತಿಳಿದೆ. ತಲೆದಿಂಬಿನ ಹತ್ತಿರ ಇಟ್ಟುಕೊಂಡು ಮಲಗಿದೆ. ಅದಕ್ಕೆ ಹೆಸರೂ ಇಟ್ಟಾಗಿತ್ತು.

ಮರುದಿನ ಅವ್ವ ಅದನ್ನು ಶಾಲೆಗೆ ಒಯ್ದು ಮಲ್ಲಮ್ಮನ ಕೈಗೆ ತೊಡಿಸಿದಳು. ಗಿಳಿಗೆ ಹಸಿವಾಗಿದೆಯಂತೆ, ಏನು ಬೇಕೆಂದು ನಮಗೆ ತಿಳಿಯುತ್ತಿಲ್ಲ, ನೀನು ಕೇಳಿ ಹೇಳು ಎಂದಳು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಗಿಳಿಯ ಕೊಕ್ಕು ತೆರೆಯಿತು. ಮಲ್ಲಮ್ಮನದೆಂದು ನಂಬಲಾಗದ ಗಟ್ಟಿ ದನಿಯಲ್ಲಿ, ಸಜ್ಜಿ ರೊಟ್ಟಿ ಬೇಕು, ಪುಂಡಿಪಲ್ಯ ಬೇಕು, ಊರಿಗೆ ಹೋಗಬೇಕು ಎಂದಿತು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಅವ್ವನ ಕಣ್ಣು ತುಂಬಿತ್ತು. ಅವಳು ನನ್ನ ಕಡೆ ನೋಡಿದ್ದರೆ ನಾನು ಚಪ್ಪಾಳೆ ತಟ್ಟದೆ ಕುಂತಿರುವುದು ಕಾಣುತ್ತಿತ್ತು. ಅವಳು ನೋಡಲಿಲ್ಲ. ಆ ಗಿಳಿ ಮತ್ತೆ ನಮ್ಮ ಮನೆಗೆ ಬರಲೂ ಇಲ್ಲ.

ಎರಡು ದಿನ ಬಿಟ್ಟು, ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ, ಅವ್ವ ಹೊರಗೆ ಪಕ್ಕದವರೊಡನೆ ಮಾತಾಡುತ್ತ ನಿಂತಿದ್ದಾಗ, ನಾನು ಚೀಟಿಗಳನ್ನು ಕಿತ್ತು ಅದಲುಬದಲು ಮಾಡಿದೆ. ಬಾಗಿಲಿಗೆ ಕಿಟಕಿ, ಸಾಸಿವೆಗೆ ಜೀರಿಗೆ, ಮೋರಿಗೆ ಹಾಸಿಗೆ. ಸಂಜೆ ಬಂದು ಅವ್ವ ನೋಡಬೇಕು, ಸಿಟ್ಟಾಗಬೇಕು, ಆ ಸಿಟ್ಟು ಪೂರ್ತಿ ನನ್ನೊಬ್ಬಳ ಮೇಲೇ ಬೀಳಬೇಕು ಎಂಬುದು ನನ್ನ ಆಸೆ. ಸಂಜೆ ಇಬ್ಬರೂ ಒಟ್ಟಿಗೇ ಮನೆಗೆ ಬಂದೆವು. ಎಲ್ಲ ಚೀಟಿಗಳೂ ತಮ್ಮ ತಮ್ಮ ಜಾಗದಲ್ಲೇ ಇದ್ದವು. ಅವ್ವ ಏನನ್ನೂ ಗಮನಿಸದೆ ಕೈಕಾಲು ತೊಳೆಯಲು ಹೋದಳು. ನಾನು ಮುಂದಿನ ಖೋಲಿಯಲ್ಲೇ ನಿಂತುಬಿಟ್ಟೆ. ಅಪ್ಪ ಆ ವಾರ ಹೊಸ ಯಂತ್ರ ಕೂರಿಸುವ ಕೆಲಸಕ್ಕೆಂದು ತಳೇಗಾಂವ ದಾಭಾಡೆಯಲ್ಲೇ ಉಳಿದಿದ್ದ. ದಿನವಿಡೀ ಮನೆಯಲ್ಲಿದ್ದವಳು ಆಯಿ ಒಬ್ಬಳೇ. ಅವ್ವ ನೀರಿಗೆಂದು ಕೊಡ ಹಿಡಿದು ಹೊರಗೆ ಹೋದಾಗ ನಾನು ಆಯಿಯ ಹತ್ತಿರ ಹೋಗಿ ಚೀಟಿ ಯಾರು ಮುಟ್ಟಿದರೆಂದು ಕೇಳಿದೆ. ಅವಳು ಮೊದಲು ಯಾವ ಚೀಟಿ ಎಂದಳು. ನಾನು ಬಿಡದೆ ನಿಂತೆ. ಆಗ ದನಿ ತಗ್ಗಿಸಿ ಬೈದಳು:

"ಮೋರಿಗೆ ಹಾಸಿಗಿ ಅಂತ ಹಚ್ಚೀದಿ. ಮೋರ್ಯಾಗ ಮಲಗ್ಲೇನು ನಾನು?"

ಹೇಳಿದ ಮೇಲೆ ತಾನೇನು ಹೇಳಿಬಿಟ್ಟೆ ಎಂದು ಅವಳಿಗೆ ಹೊಳೆಯಿತು. ನನ್ನನ್ನು ಹತ್ತಿರ ಎಳೆದು ಕೂರಿಸಿಕೊಂಡಳು. ನಾವು ಶಾಲೆಗೆ ಹೋದ ಮೇಲೆ ಮಧ್ಯಾಹ್ನವೆಲ್ಲ ಅವಳು ಚೀಟಿಯಿಂದ ಚೀಟಿಗೆ ನಡೆದು, ಹಿಂದಿನ ಸಂಜೆ ಕೇಳಿಸಿಕೊಂಡದ್ದನ್ನು ಪರಾತದ ಹಿಟ್ಟಿನಲ್ಲಿ ತಾನೂ ಬರೆದು ನೋಡಿ, ಸವರಿ, ಆ ಹಿಟ್ಟಿನಲ್ಲೇ ನಮಗೆ ರೊಟ್ಟಿ ಬಡಿಯುತ್ತಿದ್ದಳು. ಅವ್ವನಿಗೆ ಹೇಳುತ್ತೇನೆಂದು ನಾನು ಏಳಲು ಹೋದರೆ ರಟ್ಟೆ ಹಿಡಿದಳು.

"ಅಕಿಗೆ ಹೇಳಿದ್ರ ನನ್ನ ಆಣಿ ಅದ. ಇಷ್ಟು ದಿನ ಏನೇನ ಅಂದೀನಿ ಅಕಿಗೆ. ಈಗ ನಾನ ಕಲ್ತೀನಿ ಅಂದ್ರ ಮಾರಿ ಎಲ್ಲಿ ಇಡ್ಲಿ?"

ಆಮೇಲಿನ ಎರಡು ತಿಂಗಳು ನನ್ನ ಬಾಲ್ಯದ ಅತ್ಯಂತ ಸುಖದ ಕಾಲ. ಅವ್ವನಿಗೆ ಗೊತ್ತಿಲ್ಲದ ಒಂದು ಶಾಲೆಗೆ ನಾನು ಅಕ್ಕೋರಾಗಿದ್ದೆ. ಭಾನುವಾರ ಅವ್ವ ಬಟ್ಟೆ ಒಗೆಯಲು ನಳದ ಹತ್ತಿರ ಹೋದರೆ ಆಯಿ ಊರಿನಿಂದ ಬೆಲ್ಲ ಕಟ್ಟಿ ತಂದ ಹಳೆಯ ಕನ್ನಡ ಪತ್ರಿಕೆಯ ಚೂರನ್ನು ಸೆರಗಿನಿಂದ ತೆಗೆಯುತ್ತಿದ್ದಳು. ತ ಅಕ್ಷರದ ಕೆಳಗೆ ಇನ್ನೊಂದು ಯಾಕೆ ಜೋತು ಬಿದ್ದಿದೆ, ಈ ಗೆರೆ ಯಾಕೆ ಇಷ್ಟು ದೂರ ಎಳೆದಿದ್ದಾರೆ ಎಂದೆಲ್ಲ ಕೇಳುತ್ತಿದ್ದಳು. ಓದು ಕೂಡಿ ಬಂದ ಮೇಲೆ ಅವಳು ನನ್ನೊಂದಿಗೆ ಹೊರಗೆ ಹೋಗುವ ನೆಪ ಹುಡುಕತೊಡಗಿದಳು. ಅಂಗಡಿಯ ಬೋರ್ಡು, ಬಸ್ಸಿನ ಹಣೆಯ ಬರಹ, ಗೋಡೆಯ ಜಾಹೀರಾತು, ಎಲ್ಲದರ ಮುಂದೆಯೂ ಒಂದು ಗಳಿಗೆ ನಿಂತು, ಕಣ್ಣು ಕಿರಿದು ಮಾಡಿ ನೋಡಿ, ಮುಂದೆ ನಡೆಯುತ್ತಿದ್ದಳು. ಎಲ್ಲವೂ ಮರಾಠಿಯಲ್ಲಿ. ಒಮ್ಮೆ ಕಾಯಿಪಲ್ಯದ ಮಂಡಿಯಿಂದ ಬರುವಾಗ ಕೈಚೀಲ ಕೆಳಗಿಟ್ಟು, ದಣಿದವಳಂತೆ ಹೇಳಿದಳು:

"ಇಷ್ಟು ದೊಡ್ಡ ಊರಾಗ ನನ್ನ ಅಕ್ಷರ ಎಲ್ಲೂ ಇಲ್ಲಲ್ಲೇ."

ಈಗಲೂ, ಅದೇ ರಸ್ತೆಯಲ್ಲಿ ಬಸ್ಸಿಗೆ ಕಾಯುವಾಗ ಆ ಮಾತು ಕಿವಿಗೆ ಬಂದರೆ, ಅವಳ ಬದಲಿಗೆ ನಾನೇ ಬೋರ್ಡುಗಳ ಮೇಲೆ ಕಣ್ಣಾಡಿಸುತ್ತೇನೆ.

ದೀಪಾವಳಿ ರಜೆ ಮುಗಿದ ಮೇಲೆ ಶಾಲೆಯಲ್ಲಿ ಪಾಲಕರ ಸಭೆ ನಡೆಯಿತು. ಸರಕು ಸಾಗಣೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಒಬ್ಬ ಪಾಲಕರು ಎದ್ದು ನಿಂತರು. ಬೆಳಗಾವಿ ಕಡೆಯವರು, ಇಸ್ತ್ರಿ ಮಾಡಿದ ಬಿಳಿ ಅಂಗಿ. ತಮ್ಮ ಮಗನಿಗೆ ಇನ್ನೂ ಹತ್ತರ ಮೇಲಿನ ಮಗ್ಗಿ ಬರುವುದಿಲ್ಲ, ಪಾಟೀಚೀಲದಲ್ಲಿ ಹುಣಸೆ ಬೀಜ ಸಿಗುತ್ತವೆ, ಪಾಠ ಏನಾಯಿತೆಂದು ಕೇಳಿದರೆ ಕುಂಟಾಟ ಆಡಿದೆವು ಎನ್ನುತ್ತಾನೆ ಎಂದರು. ಇನ್ನೂ ನಾಲ್ಕೈದು ಜನ ತಲೆ ಆಡಿಸಿದರು. ಅವ್ವ ಉತ್ತರ ಹೇಳಿದಳು. ಅಕ್ಷರಗಳ ಮನೆ ಬರೆದು ಕುಂಟುತ್ತ ಶಬ್ದ ಕೂಡಿಸುವ ಆಟ ಅದು, ಮ ಮೇಲೆ ಜಿಗಿದು ರ ಮೇಲೆ ಜಿಗಿದರೆ ಮರ ಆಗುತ್ತದೆ ಎಂದು ವಿವರಿಸಿದಳು. ಜಿಗಿಯುವ ಮಾತು ಬಂದಾಗ ಯಾರೋ ನಕ್ಕರು. ಆಟದಿಂದ ಕಲಿತ ಒಬ್ಬರನ್ನು ತೋರಿಸಿ ನೋಡೋಣ ಎಂದು ಮುಖ್ಯಾಧ್ಯಾಪಕರು ಕೇಳಿದರು. ತೋರಿಸಲು ಮಲ್ಲಮ್ಮ ಇರಲಿಲ್ಲ. ಇಲ್ಲಿಯ ಕಟ್ಟಡ ಮುಗಿದು ಅವಳ ತಂದೆತಾಯಿ ಹಬ್ಬಕ್ಕೆ ಮೊದಲೇ ಇಂದಾಪುರದ ಕಡೆ ಇನ್ನೊಂದು ಕೆಲಸಕ್ಕೆ ಹೊರಟುಹೋಗಿದ್ದರು. ಹೋಗುವಾಗ ಅವ್ವನೇ ಆ ಗಿಳಿಯನ್ನು ಅವಳಿಗೆ ಕೊಟ್ಟು ಕಳಿಸಿದ್ದಳು. ಉಳಿದವರೆಲ್ಲ ಹೇಗಿದ್ದರೂ ಕಲಿಯುತ್ತಿದ್ದ ಮಕ್ಕಳು. ಇನ್ನು ಪುಸ್ತಕ ಮುಗಿಸಿರಿ, ಆಟ ಸಾಕು ಎಂದು ಮುಖ್ಯಾಧ್ಯಾಪಕರು ಎಲ್ಲರ ಎದುರೇ ಹೇಳಿದರು.

ಇಷ್ಟೂ ಮನೆಯಲ್ಲಿ ಅಪ್ಪನಿಗೆ ಅವ್ವ ಹೇಳಿದ್ದು. ಹೇಳುತ್ತಾ ಅವಳು ಅಳಲಿಲ್ಲ. ಗೋಡೆಯ ಚೀಟಿಗಳನ್ನು ಒಂದೊಂದಾಗಿ ಬಿಡಿಸಿದಳು. ಟ್ರಂಕನ್ನು ಹಗ್ಗದಿಂದ ಕಟ್ಟಿ ಅಟ್ಟಕ್ಕೆ ಹಾಕಿಸಿದಳು. ನಾನು ಬಾಗಿಲ ಬಳಿ ನಿಂತಿದ್ದೆ, ಆಯಿ ಗೋಡೆಗೆ ಒರಗಿದ್ದಳು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಆಟದಿಂದ ಕಲಿತ ಒಬ್ಬರು ಅದೇ ಖೋಲಿಯಲ್ಲಿ, ಅವ್ವನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕುಂತಿದ್ದರು. ನಾನು ಬಾಯಿ ಬಿಡಲಿಲ್ಲ. ಆಣೆಯ ಭಯ ಇತ್ತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಸತ್ಯ. ಶಾಲೆ ಬಿಟ್ಟುಬಿಡಲೇ ಎಂದು ಅವ್ವ ಅಪ್ಪನನ್ನು ಕೇಳುವುದು ನನ್ನ ಕಿವಿಗೆ ಬಿದ್ದಿತ್ತು. ಅವ್ವ ಮನೆಯಲ್ಲಿ ಉಳಿಯುತ್ತಾಳೆ, ನಲವತ್ತು ಜನರ ಅಕ್ಕೋರು ಹೋಗಿ ನನ್ನೊಬ್ಬಳ ಅವ್ವ ಆಗುತ್ತಾಳೆ ಎಂದು ನಾನು ಒಳಗೇ ಹಿಗ್ಗಿದ್ದೆ.

ಮೊದಲ ಎರಡು ದಿನ ಹಾಗೆಯೇ ಆಯಿತು. ಸಂಜೆ ಹೊತ್ತು ಅವ್ವ ನನ್ನ ತಲೆಗೆ ಎಣ್ಣೆ ಹಚ್ಚಿದಳು, ಪಕ್ಕದಲ್ಲಿ ಕುಂತು ಉಣಿಸಿದಳು. ಮೂರನೆಯ ದಿನ ಅವಳ ಕೈ ನನ್ನ ಕೂದಲಲ್ಲಿ ಅರ್ಧಕ್ಕೇ ನಿಂತಿತು. ಎಷ್ಟು ಹೊತ್ತಾದರೂ ಅಲುಗಲಿಲ್ಲ. ನಾನು ಕತ್ತು ತಿರುಗಿಸಿ ನೋಡಿದರೆ ಅವಳು ಬರಿದಾದ ಗೋಡೆಯನ್ನು ನೋಡುತ್ತಿದ್ದಳು. ಶಾಲೆಯಲ್ಲಿ ಕೋಲು ಹಿಡಿಯದಿದ್ದರೂ ಕುರ್ಚಿ ಹಿಡಿದಳು. ಮಗ್ಗಿಗಳನ್ನು ನಲವತ್ತು ಜನ ಒಟ್ಟಿಗೆ ಕೂಗಿದೆವು, ಅವಳು ಕಿಟಕಿಯ ಹೊರಗೆ ನೋಡುತ್ತ ಕೇಳಿದಳು. ಮನೆಯಲ್ಲಿ ಸಂಜೆಗಳು ಉದ್ದವಾದವು. ಆಯಿ ಅಕ್ಕಿಯ ಮೊರ ಹಿಡಿದು ಕೂರುತ್ತಿದ್ದಳು, ಕೇಳಿಸಿಕೊಳ್ಳಲು ಏನೂ ಇರುತ್ತಿರಲಿಲ್ಲ. ಊಟದಲ್ಲಿ ಹಲ್ಲಿಗೆ ಕಲ್ಲು ಸಿಗತೊಡಗಿತು. ನನಗೆ ಬೇಕಾಗಿದ್ದ ಅವ್ವ ಸಿಕ್ಕಿದ್ದಳು, ಆದರೆ ಸಿಕ್ಕವಳು ಬೇರೆ ಯಾರೋ ಆಗಿದ್ದಳು.

ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದ ಅವ್ವ ಮಂಚದ ಮೇಲೆ ಕುಂತು ಒಂದು ಪತ್ರ ಬರೆದಳು. ಎರಡು ಸಲ ಹರಿದು ಮೂರನೆಯ ಸಲ ಬರೆದದ್ದನ್ನು ಮಡಚಿ ರೇಡಿಯೋದ ಕೆಳಗಿಟ್ಟು, ಕೈಚೀಲ ಹಿಡಿದು ಮಂಡಿಗೆ ಹೋದಳು. ಅಪ್ಪನದು ಎರಡನೆಯ ಪಾಳಿ. ಅವ್ವನ ಹೆಜ್ಜೆ ಸದ್ದು ದೂರವಾದ ಕೂಡಲೇ ಆಯಿ ಎದ್ದಳು. ಪತ್ರ ತೆಗೆದು, ಬಾಗಿಲ ಬೆಳಕಿಗೆ ಬಂದು ನೆಲದ ಮೇಲೆ ಕುಂತಳು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸತೊಡಗಿದಳು. ಮುಖ್ಯಾಧ್ಯಾಪಕರಿಗೆ ಎಂಬುದಕ್ಕೇ ಎಷ್ಟೋ ಹೊತ್ತು ಹಿಡಿಯಿತು. ಒತ್ತಕ್ಷರ ಬಂದಲ್ಲೆಲ್ಲ ನನ್ನ ಕಡೆ ನೋಡುತ್ತಿದ್ದಳು, ನಾನು ಬಿಡಿಸಿ ಹೇಳುತ್ತಿದ್ದೆ. ಒಂದು ಸಾಲಿನ ಹತ್ತಿರ ಅವಳ ಬೆರಳು ನಿಂತಿತು. ನನ್ನ ಅತ್ತೆಯವರ ಅನಾರೋಗ್ಯದ ಕಾರಣ ಮನೆಯಲ್ಲಿ ನನ್ನ ಅಗತ್ಯವಿದ್ದು ಎಂದು ಇತ್ತು. ಇದರಲ್ಲಿ ಅತ್ತೆ ಎಂದರೆ ಯಾರು ಎಂದು ಕೇಳಿದಳು. ನೀನೇ ಎಂದೆ. ಅನಾರೋಗ್ಯ ಎಂದರೆ ಏನೆಂದು ಕೇಳಿದಳು. ಜಡ್ಡು ಎಂದೆ. ಆಯಿ ಆ ಸಾಲನ್ನು ಮತ್ತೊಮ್ಮೆ, ಮೊದಲಿನಿಂದ, ಯಾರ ಸಹಾಯವೂ ಇಲ್ಲದೆ ಓದಿದಳು. ಪತ್ರವನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕುಂತಳು. ನನಗೆ ಹಿಂದಕ್ಕೆ ಇಡು ಎನ್ನುವ ಧೈರ್ಯವಾಗಲಿಲ್ಲ.

ಅವ್ವ ಬಂದಳು. ಕೈಚೀಲದಿಂದ ಮೆಂತ್ಯದ ಸೊಪ್ಪು ಹೊರಗೆ ಇಣುಕುತ್ತಿತ್ತು. ಹೊಸ್ತಿಲಲ್ಲಿ ಆಯಿಯನ್ನೂ ಮಡಿಲಲ್ಲಿದ್ದ ಹಾಳೆಯನ್ನೂ ಕಂಡು ನಿಂತಳು. ಆಯಿ ತಲೆಯೆತ್ತಿದಳು.

"ನನಗ ಯಾವ ಜಡ್ಡು ಬಂದದ?"

ಅವ್ವ ನನ್ನ ಕಡೆ ತಿರುಗಿದಳು. ಪತ್ರ ಓದಿ ಹೇಳಿದವಳು ನಾನೇ ಎಂದು ಅವಳು ತಿಳಿದಳು. ಆ ನೋಟ ಕಂಡು ಆಯಿ ಅಡ್ಡ ಬಂದಳು.

"ಕೂಸಿಗೆ ಯಾಕ ನೋಡ್ತಿ? ನಾನ ಓದೀನಿ."

ಅವ್ವ ನಂಬಲಿಲ್ಲ. ನಂಬದ್ದು ಮುಖದ ಮೇಲೆ ಕಂಡಿರಬೇಕು. ಆಯಿ ಹಾಳೆ ಬಿಡಿಸಿ, ಬೆರಳಿಟ್ಟು, ಅದೇ ಸಾಲನ್ನು ಗಟ್ಟಿಯಾಗಿ ಓದಿದಳು. ಅನಾರೋಗ್ಯದ ಹತ್ತಿರ ಒಮ್ಮೆ ತಡವರಿಸಿ, ಹಿಂದಕ್ಕೆ ಬಂದು, ಸರಿ ಮಾಡಿಕೊಂಡಳು. ಮಕ್ಕಳು ಓದುವಾಗ ಅವರ ಜೊತೆ ತಾನೂ ತುಟಿ ಅಲುಗಿಸುವುದು ಅವ್ವನ ಅಭ್ಯಾಸ. ಅವಳ ತುಟಿ ಅಲುಗುತ್ತಿತ್ತು. ಓದು ಮುಗಿದಾಗ ಅವ್ವ ಹೊಸ್ತಿಲ ಮೇಲೆಯೇ ಕುಂತಳು. ಯಾರು ಕಲಿಸಿದರು, ಯಾವಾಗ ಕಲಿತಿರಿ ಎಂದು ಕೇಳಿದಳು.

"ನೀ ಕೂಸಿಗೆ ಹೇಳ್ತಿದ್ದಿ, ನಾ ಅಕ್ಕಿ ಹಸನ ಮಾಡ್ಕೋತ ಕೇಳ್ತಿದ್ದೆ. ಅಷ್ಟ ಅದ." ಆಯಿ ಪತ್ರವನ್ನು ಮಡಚಿ ಅವ್ವನ ಕೈಗೆ ಕೊಟ್ಟಳು. "ನೌಕರಿ ಬಿಡೋದಿದ್ರ ಬಿಡು. ನನ್ನ ಹೆಸರ ಮ್ಯಾಲ ಬಿಡಬ್ಯಾಡ. ನನಗ ಏನೂ ಆಗಿಲ್ಲ."

ಅವ್ವ ನಕ್ಕಳು. ನಗುತ್ತ ನಗುತ್ತ ಸೆರಗು ಬಾಯಿಗೆ ಒತ್ತಿಕೊಂಡಳು, ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ಆಯಿ ಅವಳನ್ನು ಸಮಾಧಾನ ಮಾಡಲಿಲ್ಲ. ಎದ್ದು ಹೋಗಿ ಚಹಾಕ್ಕೆ ನೀರಿಟ್ಟಳು. ಕಣ್ಣೊರೆಸಿಕೊಂಡ ಮೇಲೆ ಅವ್ವ ನನಗೆ ಒಂದೇ ಪ್ರಶ್ನೆ ಕೇಳಿದಳು.

"ನಿನಗ ಗೊತ್ತಿತ್ತೇನು?"

ಹೌದೆಂದು ತಲೆಯಾಡಿಸಿದೆ. ಅವಳು ನನ್ನನ್ನು ನೋಡಿದಳು. ಬೈಯುವ ನೋಟವಾಗಿದ್ದರೆ ಮರೆಯುತ್ತಿದ್ದೆ. ಎರಡನೆಯ ಇಯತ್ತೆಯ ಲೆಕ್ಕವೊಂದು ತನಗೇ ಬಿಡಿಸಲು ಬಾರದಂತೆ ನೋಡಿದಳು. ಯಾಕೆ ಹೇಳಲಿಲ್ಲ ಎಂದು ಮಾತ್ರ ಕೇಳಲಿಲ್ಲ.

ಸೋಮವಾರ ಆ ಪತ್ರ ಶಾಲೆಗೆ ಹೋಗಲಿಲ್ಲ. ಅವ್ವ ಮುಖ್ಯಾಧ್ಯಾಪಕರ ಬಳಿ ಹೋಗಿ, ಪುಸ್ತಕವನ್ನು ತಪ್ಪದೆ ಮುಗಿಸುತ್ತೇನೆ, ದಿನದ ಕೊನೆಯ ಒಂದು ತಾಸು ಮಾತ್ರ ನನಗೆ ಬಿಡಿರಿ ಎಂದು ಕೇಳಿಕೊಂಡಳು. ಪರೀಕ್ಷೆಯವರೆಗೆ ನೋಡೋಣ ಎಂದರಂತೆ. ಪರೀಕ್ಷೆ ಬಂತು, ಮಕ್ಕಳು ಪಾಸಾದರು, ಯಾರೂ ಹೊಗಳಲಿಲ್ಲ, ಯಾರೂ ತಡೆಯಲೂ ಇಲ್ಲ. ಗುಮಾಸ್ತರು ಮಗನನ್ನು ಇಂಗ್ಲಿಷ್ ಶಾಲೆಗೆ ಹಾಕಿದರು. ಅಟ್ಟದಿಂದ ಟ್ರಂಕು ಇಳಿಯಿತು. ಅವ್ವ ಆ ಒಂದು ತಾಸಿಗಾಗಿಯೇ ಇಡೀ ದಿನ ಬದುಕಿದಂತೆ ನಿವೃತ್ತಿಯವರೆಗೂ ದುಡಿದಳು. ಆಯಿ ಕೊನೆಯವರೆಗೂ ಸೊಸೆಯ ಆಟಗಳನ್ನು ಹಳಿಯುತ್ತಲೇ ಇದ್ದಳು. ಆದರೆ ದಿನಾ ಸಂಜೆ, ಬೇಗ ಶುರು ಮಾಡು, ಅಕ್ಕಿ ಹಸನಾಗಬೇಕು ಎಂದು ಕೂಗುತ್ತಿದ್ದಳು. ಈಗ ಇಬ್ಬರೂ ಇಲ್ಲ. ಆ ವಸಾಹತನ್ನು ಕೆಡವಿ ಎತ್ತರದ ಕಟ್ಟಡ ಕಟ್ಟಿದ್ದಾರೆ, ಗೇಟಿನಲ್ಲಿ ಕಾವಲುಗಾರ ಯಾರ ಮನೆಗೆ ಎಂದು ಕೇಳುತ್ತಾನೆ. ನಾನೂ ಈ ಊರಿನಲ್ಲೇ ಮಕ್ಕಳಿಗೆ ಕಲಿಸಿದೆ. ಈಗ ಹೊಸ ಶಿಕ್ಷಕಿಯರ ತರಬೇತಿಗೆ ಕರೆಯುತ್ತಾರೆ. ಬೀಜ, ಮರಳು, ಅಂಗಡಿ, ಗೇಣು, ಕೈಗೊಂಬೆ, ಒಂದೊಂದನ್ನೂ ಆಡಿ ತೋರಿಸುತ್ತೇನೆ. ಅವರು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುತ್ತಾರೆ, ಒಂದು ಆಟಕ್ಕೆ ಎಷ್ಟು ನಿಮಿಷ, ಎಷ್ಟು ಮಕ್ಕಳು ಎಂದು ಬರೆದುಕೊಳ್ಳುತ್ತಾರೆ. ಒಳ್ಳೆಯ ಹುಡುಗಿಯರು. ನಿಮ್ಮ ಸ್ವಂತ ಮಕ್ಕಳನ್ನೂ ನೋಡಿಕೊಳ್ಳಿ ಎಂದು ಹೇಳಬೇಕೆನಿಸುತ್ತದೆ. ಹೇಳುವುದಿಲ್ಲ.

ಪತ್ರ ಮನೆಯಲ್ಲೇ ಉಳಿದ ಆ ಸೋಮವಾರ ಶಾಲೆ ಬಿಟ್ಟ ಮೇಲೆ ಅವ್ವ ದಿನದ ದಾರಿ ಬಿಟ್ಟು ರೈಲು ಹಳಿಯ ಕಡೆ ತಿರುಗಿದಳು. ಚೀಲಗಳನ್ನು ಶಾಲೆಯಲ್ಲೇ ಇಟ್ಟು ಬಂದಿದ್ದಳು, ನನ್ನದನ್ನೂ. ಹಳಿಯ ಪಕ್ಕದಲ್ಲಿ ಒಂದು ಮುರುಕು ಕಟ್ಟೆ ಇತ್ತು, ಅಲ್ಲಿ ಕುಂತೆವು. ಏನಾದರೂ ಕೇಳುತ್ತಾಳೆಂದು ಕಾದೆ. ಕೊನೆಗೆ ನಾನೇ ಹೇಳಿದೆ:

"ನೀ ಶಾಲಿ ಬಿಟ್ರ ಮನ್ಯಾಗ ಇರ್ತಿ ಅಂತ ನಾ ಹೇಳ್ಲಿಲ್ಲ."

ಅವ್ವ ನನ್ನ ಕೈಯನ್ನು ತೆಗೆದು ತನ್ನ ತೊಡೆಯ ಮೇಲಿಟ್ಟುಕೊಂಡಳು, ಅದರ ಮೇಲೆ ತನ್ನ ಕೈ ಇಟ್ಟಳು. ಅಷ್ಟರಲ್ಲಿ ಲೋಕಲ್ ರೈಲು ಬಂತು. ಅವ್ವನನ್ನು ಮೆಚ್ಚಿಸಲು ನನಗೆ ಗೊತ್ತಿದ್ದುದು ಒಂದೇ ದಾರಿ. ನಾನು ಬೆರಳು ಚಾಚಿ ಡಬ್ಬಿಗಳನ್ನು ಗಟ್ಟಿಯಾಗಿ ಎಣಿಸತೊಡಗಿದೆ. ಮೂರೋ ನಾಲ್ಕೋ ಆಗಿತ್ತು, ಅವಳು ನನ್ನ ಬೆರಳನ್ನು ಮೆಲ್ಲಗೆ ಮಡಚಿದಳು.

"ಎಣಸಬ್ಯಾಡ. ಸುಮ್ಮ ನೋಡು."

ಬಾಗಿಲಲ್ಲಿ ಜೋತುಬಿದ್ದ ಜನ, ಕಿಟಕಿಯಲ್ಲಿ ಒಬ್ಬಳ ಮುಡಿಯ ಅಬೋಲಿ ಹೂವು, ಚಕ್ರದ ಗಾಳಿಗೆ ಮಲಗಿ ಏಳುವ ಹುಲ್ಲು. ಆ ರೈಲು ಹೋಯಿತು, ಇನ್ನೊಂದು ಬಂತು, ಅದೂ ಹೋಯಿತು. ಅವ್ವ ಏನನ್ನೂ ಕಲಿಸಲಿಲ್ಲ. ಅಂದು ಮನೆಗೆ ತಡವಾಗಿ ಹೋದೆವು, ಆಯಿ ಇಬ್ಬರಿಗೂ ಸೇರಿಸಿ ಬೈದಳು.